ಸೀಮೆ, ಸಾಕ್ಷಿ, ತಂತ್ರಾಂಶ

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಆಡಳಿತ ಭವನವಿರುವುದು ದೇವನಹಳ್ಳಿ ತಾಲ್ಲೂಕು ಕುಂದಾಣ ಹೋಬಳಿಯ ಬೀರಸಂದ್ರ ಗ್ರಾಮದಲ್ಲಿ. ಹೀಗಾಗಿ ದೊಡ್ಡಬಳ್ಳಾಪುರ, ನೆಲಮಂಗಲ, ಹೊಸಕೋಟೆ, ದೇವನಹಳ್ಳಿ ಎಂಬ ನಾಲ್ಕೂ ತಾಲ್ಲೂಕುಗಳ ರೈತರು ಹದ್ದುಬಸ್ತಿನ, ಎಂದರೆ ಗಡಿಯನ್ನು ಅಳೆದು ಗುರುತಿಸಿಕೊಡುವ ಕ್ರಮದ, ಇಲ್ಲವೇ ಪೋಡಿಯ, ಎಂದರೆ ಒಂದು ಸರ್ವೆ ನಂಬರನ್ನು ಹಿಸ್ಸೆಗಳಾಗಿ ಬೇರ್ಪಡಿಸುವ ಕ್ರಮದ ತಕರಾರುಗಳನ್ನು ಹಿಡಿದು ಬರುವ ಜಾಗಗಳಲ್ಲಿ ಈ ಹೋಬಳಿಯೂ ಒಂದು. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಆರಂಭವಾದ ಮೇಲೆ ಈ ಸೀಮೆಯ ಗುಂಟೆ ಗುಂಟೆಗೂ ಬೆಲೆ ಬಂದಿದೆ. ಇದೇ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ 1,777 ಎಕರೆಯ ಸ್ವಾಧೀನವನ್ನು ಸರ್ಕಾರ 2025ರ ಜುಲೈನಲ್ಲಿ ಕೈಬಿಡುವವರೆಗೆ ನಡೆದ ದೀರ್ಘ ಹೋರಾಟವು ನೆಲದ ಪ್ರಶ್ನೆ ಇಲ್ಲಿ ಎಷ್ಟು ಬಿಸಿಯಾದದ್ದು ಎಂಬುದನ್ನು ನಾಡಿಗೆಲ್ಲ ತಿಳಿಸಿತು. ಇಂಥ ನೆಲದ ಗಡಿಗಳು ಈಗ ಕಾಗದದಿಂದ ಕಂಪ್ಯೂಟರಿಗೆ ಬರುತ್ತಿವೆ, ಮತ್ತು ಹಾಗೆ ತರುವ ತಂತ್ರಾಂಶಗಳಲ್ಲಿ ಹಣ ಕೊಟ್ಟು ಕೊಳ್ಳಬೇಕಾದವೂ ಹಣವಿಲ್ಲದೆ ಸಿಗುವವೂ ಇವೆ. ಇವೆರಡನ್ನು ಹೋಲಿಸುವವರು ಸಾಮಾನ್ಯವಾಗಿ ಬೆಲೆಯನ್ನೂ ಸೌಲಭ್ಯಗಳನ್ನೂ ಪಟ್ಟಿ ಮಾಡಿ ಸುಮ್ಮನಾಗುತ್ತಾರೆ. ಆದರೆ ಯಂತ್ರವೊಂದು ಎಳೆದ ಗೆರೆ ಒಬ್ಬ ಮನುಷ್ಯನ ಅನ್ನವನ್ನು ನಿರ್ಧರಿಸುವುದಾದರೆ, ಆ ಗೆರೆಯನ್ನು ಅವನು ಯಾವ ಆಧಾರದ ಮೇಲೆ ಸತ್ಯವೆಂದು ಒಪ್ಪಬೇಕು ಎಂಬುದು ಬೆಲೆಗಿಂತ ಹಿಂದಿನ ಪ್ರಶ್ನೆ. ಭಾರತೀಯ ದರ್ಶನಗಳು ಪ್ರಮಾಣವಿಚಾರ, ಎಂದರೆ ಸರಿಯಾದ ಜ್ಞಾನದ ಸಾಧನಗಳ ವಿಚಾರ, ಎಂಬ ಹೆಸರಿನಲ್ಲಿ ಶತಮಾನಗಳ ಕಾಲ ಚರ್ಚಿಸಿದ್ದು ಇಂಥದೇ ಪ್ರಶ್ನೆಯನ್ನು.

ಮೊದಲು ಗೆರೆಯ ಸ್ವರೂಪವನ್ನು ನೋಡಬೇಕು. ಮೈಸೂರು ಸೀಮೆಯಲ್ಲಿ ಮುಂಬಯಿ ಪದ್ಧತಿಯ ಕಂದಾಯ ಭೂಮಾಪನ 1863ರಲ್ಲಿ ಆರಂಭವಾಯಿತು. 33 ಅಡಿ ಉದ್ದದ, 16 ಆಣೆಗಳಾಗಿ ಭಾಗಿಸಿದ ಸರಪಳಿಯಿಂದ ಹೊಲಗಳನ್ನು ಅಳೆಯುತ್ತಿದ್ದರು. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ಚೌಕವೇ ಒಂದು ಗುಂಟೆ, ಅಂಥ 40 ಗುಂಟೆ ಒಂದು ಎಕರೆ. ಹೊಲದಲ್ಲಿ ನಿಂತು ಬರೆದ ಅಳತೆಯ ಕಚ್ಚಾ ಚಿತ್ರಕ್ಕೆ ಟಿಪ್ಪಣಿ ಎಂದು ಹೆಸರು. ಪ್ರತಿ ಸರ್ವೆ ನಂಬರಿನ ವಿಸ್ತೀರ್ಣವನ್ನೂ ಕಂದಾಯವನ್ನೂ ದಾಖಲಿಸಿದ ಪುಸ್ತಕ ಆಕಾರಬಂದ್. ಇವೆಲ್ಲವನ್ನು ಕೂಡಿಸಿ ಬರೆದದ್ದು ಗ್ರಾಮನಕ್ಷೆ. ಗ್ರಾಮನಕ್ಷೆಯ ರೂಢಿಯ ಅಳತೆಮಾನ 1:7920, ಅಂದರೆ ನಕ್ಷೆಯ ಒಂದು ಅಂಗುಲ ನೆಲದ ಮೇಲೆ 660 ಅಡಿ, 20 ಸರಪಳಿ. ಈ ಲೆಕ್ಕದಲ್ಲಿ ಅರ್ಧ ಮಿಲಿಮೀಟರು ದಪ್ಪದ ಮಸಿಗೆರೆಯೊಂದು ನೆಲದ ಮೇಲೆ ಸುಮಾರು 13 ಅಡಿ ಅಗಲವನ್ನು ಆವರಿಸುತ್ತದೆ. ಎರಡು ಹೊಲಗಳ ನಡುವಿನ ಬದು 200 ಅಡಿ ಉದ್ದವಿದ್ದರೆ, ಗೆರೆಯ ಈ ಅಂಚನ್ನು ಹಿಡಿಯುವುದಕ್ಕೂ ಆ ಅಂಚನ್ನು ಹಿಡಿಯುವುದಕ್ಕೂ ನಡುವಿನ ವ್ಯತ್ಯಾಸ 2,600 ಚದರ ಅಡಿ. ಮೂವತ್ತು-ನಲವತ್ತರ ಎರಡು ನಿವೇಶನಗಳಿಗೂ ಸ್ವಲ್ಪ ಹೆಚ್ಚು. ಭೂಮಾಪಕರು ಗಡಿ ತಕರಾರಿನಲ್ಲಿ ಗ್ರಾಮನಕ್ಷೆಯನ್ನಷ್ಟೇ ನಂಬದೆ ಟಿಪ್ಪಣಿಯನ್ನು ತೆಗೆದು ನೋಡುವುದು ಈ ಕಾರಣಕ್ಕೆ. ಹಳೆಯ ನಕ್ಷೆಯನ್ನು ಬರೆದವರಿಗೆ ಅದು ಇಷ್ಟು ಸೂಕ್ಷ್ಮದ ಭಾರವನ್ನು ಹೊರಬೇಕಾದೀತೆಂಬ ಕಲ್ಪನೆ ಇರಲಿಲ್ಲ. ಅವರ ಉದ್ದೇಶ ಕಂದಾಯ.

ನಕ್ಷೆಯ ಡಿಜಿಟೈಸೇಷನ್ ಎಂದರೆ ಕಾಗದದ ಮೇಲಿನ ಗೆರೆಯನ್ನು ಅಂಕಿಜೋಡಿಗಳ ಸಾಲಾಗಿ ಮಾರ್ಪಡಿಸುವುದು. ನಕ್ಷೆಯನ್ನು ಮೊದಲು ಸ್ಕ್ಯಾನ್ ಮಾಡುತ್ತಾರೆ. ಬಳಿಕ ನಕ್ಷೆಯಲ್ಲೂ ನೆಲದಲ್ಲೂ ಖಚಿತವಾಗಿ ಗುರುತಿಸಬಹುದಾದ ಮುಕ್ಕೂಟಗಳನ್ನು, ಅಂದರೆ ಮೂರು ಗಡಿಗಳು ಕೂಡುವ ಕಲ್ಲುಗಳನ್ನು, ನಿಯಂತ್ರಣ ಬಿಂದುಗಳಾಗಿ ಆರಿಸಿ ಚಿತ್ರವನ್ನು ಭೂಮಿಗೆ ಹೊಂದಿಸುತ್ತಾರೆ. ಕೊನೆಗೆ ಗೆರೆಗಳ ಮೇಲೆ ಕೈಯಿಂದಲೋ ತಂತ್ರಾಂಶದ ಸಹಾಯದಿಂದ ತಾನಾಗಿಯೋ ಹೊಸ ಗೆರೆ ಎಳೆಯುತ್ತಾರೆ. ಹೊಂದಿಸುವ ಹಂತದಲ್ಲಿ ತಂತ್ರಾಂಶವು ಹಲವು ಗಣಿತ ಮಾರ್ಗಗಳನ್ನು ಮುಂದಿಡುತ್ತದೆ. ಅಫೈನ್ ಎಂಬ ಮಾರ್ಗ ನಕ್ಷೆಯನ್ನು ಸರಿಸುತ್ತದೆ, ತಿರುಗಿಸುತ್ತದೆ, ಹಿಗ್ಗಿಸುತ್ತದೆ, ಓರೆಯಾಗಿಸುತ್ತದೆ, ಆದರೆ ನೇರ ಗೆರೆಯನ್ನು ನೇರವಾಗಿಯೇ ಉಳಿಸುತ್ತದೆ. ಆದ್ದರಿಂದ ಬಿಂದುಗಳು ಪೂರ್ಣವಾಗಿ ಕೂಡುವುದಿಲ್ಲ, ಪ್ರತಿಯೊಂದರಲ್ಲೂ ಇಷ್ಟು ಮೀಟರು ತಪ್ಪು ಉಳಿಯಿತೆಂದು ಪಟ್ಟಿ ತೋರಿಸುತ್ತದೆ. ಸ್ಪ್ಲೈನ್ ಎಂಬ ಇನ್ನೊಂದು ಮಾರ್ಗ ನಕ್ಷೆಯನ್ನು ಬೇಕಾದಂತೆ ಬಗ್ಗಿಸಿ ಎಲ್ಲ ಬಿಂದುಗಳನ್ನೂ ಕರಾರುವಾಕ್ಕಾಗಿ ಕೂಡಿಸುತ್ತದೆ; ಪಟ್ಟಿಯಲ್ಲಿ ತಪ್ಪು ಸೊನ್ನೆಯೆಂದು ಕಾಣುತ್ತದೆ, ತಪ್ಪೆಲ್ಲ ಬಿಂದುಗಳ ನಡುವಿನ ಹೊಲಗಳೊಳಗೆ ಹೋಗಿ ಅಡಗುತ್ತದೆ. ತಪ್ಪನ್ನು ಒಪ್ಪಿಕೊಳ್ಳುವ ನಕ್ಷೆ ನೋಡುವವರಿಗೆ ಕಳಪೆಯೆನಿಸಿ, ತಪ್ಪನ್ನು ಬಚ್ಚಿಟ್ಟ ನಕ್ಷೆ ಉತ್ತಮವೆನಿಸುವ ಈ ವೈಪರೀತ್ಯ ಕ್ಯೂಜಿಐಎಸ್‌ನಲ್ಲೂ ಇದೆ, ಆರ್ಕ್‌ಜಿಐಎಸ್‌ನಲ್ಲೂ ಇದೆ.

ಈ ಎರಡು ಹೆಸರುಗಳೇ ಇಂದು ಎರಡು ಪಕ್ಷಗಳ ಪ್ರತಿನಿಧಿಗಳು. ಆರ್ಕ್‌ಜಿಐಎಸ್‌ನ ತಯಾರಕ ಸಂಸ್ಥೆ ಎಸ್ರಿ 1969ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ರೆಡ್‌ಲ್ಯಾಂಡ್ಸ್‌ನಲ್ಲಿ ಆರಂಭವಾಯಿತು. ಬಡಾವಣೆಯ ನಕ್ಷೆ ಬರೆಯುವವರಿಗೆಲ್ಲ ಪರಿಚಿತವಾದ ಆಟೋಕ್ಯಾಡ್ 1982ರದು. ಇವು ವಾಣಿಜ್ಯ ತಂತ್ರಾಂಶಗಳು: ಕೊಂಡವನಿಗೆ ಸಿಗುವುದು ಬಳಸುವ ಪರವಾನಗಿ, ಒಳಗಿನ ಸೋರ್ಸ್ ಕೋಡ್ ಅಲ್ಲ. ಇನ್ನೊಂದು ಕಡೆ 1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಆರಂಭಿಸಿದ ಗ್ನೂ ಚಳವಳಿಯಿಂದ ಬೆಳೆದ ಸ್ವತಂತ್ರ ತಂತ್ರಾಂಶಗಳಿವೆ. ಬಳಸುವ, ಒಳಗನ್ನು ಓದಿ ತಿದ್ದುವ, ಪ್ರತಿ ಹಂಚುವ, ತಿದ್ದಿದ ಪ್ರತಿಯನ್ನೂ ಹಂಚುವ ನಾಲ್ಕು ಸ್ವಾತಂತ್ರ್ಯಗಳನ್ನು ಅವುಗಳ ಪರವಾನಗಿಯೇ ಕೊಡುತ್ತದೆ. ಗ್ಯಾರಿ ಶೆರ್ಮನ್ 2002ರಲ್ಲಿ ತೊಡಗಿದ ಕ್ಯೂಜಿಐಎಸ್ ಈ ಬಗೆಯದು. ಅದಕ್ಕಿಂತ ಹಳೆಯದಾದ ಗ್ರಾಸ್, ಸ್ವಾರಸ್ಯವೆಂದರೆ, ಅಮೆರಿಕದ ಸೇನೆಯ ಪ್ರಯೋಗಾಲಯವೊಂದರಲ್ಲಿ ಹುಟ್ಟಿದ್ದು. ಇವೆರಡರ ನಡುವೆ ಮೂರನೆಯ ಬಗೆಯೊಂದಿದೆ. ವಾಣಿಜ್ಯ ತಂತ್ರಾಂಶದ ತಯಾರಕರೇ ಹಣವಿಲ್ಲದೆ ಕೊಡುವ ಮೊಟಕು ಪ್ರತಿ ಅದು: ಗೆರೆ ಎಳೆಯಲು ಬಿಟ್ಟು ಉಳಿಸಲು ಬಿಡದಿರುವುದು, ದೊಡ್ಡ ಚಿತ್ರವನ್ನು ತೆರೆಯದಿರುವುದು, ಭೂಮಿಗೆ ಹೊಂದಿಸುವ ಸೌಲಭ್ಯವನ್ನೇ ತೆಗೆದುಹಾಕಿರುವುದು, ಮೂವತ್ತು ದಿನಗಳ ಬಳಿಕ ಬಾಗಿಲು ಮುಚ್ಚುವುದು ಇವೆಲ್ಲ ಅದರ ರೂಢಿಯ ಲಕ್ಷಣಗಳು. ಬೆಲೆಯ ದೃಷ್ಟಿಯಿಂದ ಇದೂ ಕ್ಯೂಜಿಐಎಸ್ ಕೂಡ ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ಪ್ರಮಾಣದ ದೃಷ್ಟಿಯಿಂದ ಇದು ಆರ್ಕ್‌ಜಿಐಎಸ್‌ನ ಪಕ್ಕದಲ್ಲಿ ನಿಲ್ಲುತ್ತದೆ. ಹೋಲಿಕೆಯ ಪಟ್ಟಿಗಳು ಗೊಂದಲಕ್ಕೆ ಬೀಳುವುದು ಬಹುತೇಕ ಇಲ್ಲಿಯೇ.

ಇಲ್ಲಿ ಹೇಳಿದ ಪ್ರಮಾಣದ ದೃಷ್ಟಿಗೆ ದರ್ಶನಗಳೇ ಆಧಾರ. ಜ್ಞಾನವೊಂದು ಸತ್ಯವೆಂದು ತಿಳಿಯುವುದು ಹೇಗೆ ಎಂಬ ವಿಷಯದಲ್ಲಿ ನೈಯಾಯಿಕರಿಗೂ ಮೀಮಾಂಸಕರಿಗೂ ದೊಡ್ಡ ವಿವಾದ ನಡೆಯಿತು. ನೈಯಾಯಿಕರದು ಪರತಃ ಪ್ರಾಮಾಣ್ಯ: ಜ್ಞಾನ ಹುಟ್ಟಿದ ಮಾತ್ರಕ್ಕೆ ಅದು ಸತ್ಯವೆನಿಸದು, ಅದನ್ನು ನಂಬಿ ನಡೆದಾಗ ಫಲ ಸಿಕ್ಕರೆ ಸತ್ಯವೆಂದು ಹೊರಗಿನಿಂದ ದೃಢಪಡಬೇಕು. ಮೀಮಾಂಸಕರದು ಸ್ವತಃ ಪ್ರಾಮಾಣ್ಯ: ಹುಟ್ಟಿದ ಜ್ಞಾನವು ತಾನಾಗಿಯೇ ಪ್ರಮಾಣ, ಅದನ್ನು ತಳ್ಳಿಹಾಕಲು ಎರಡೇ ದಾರಿ. ಒಂದು, ಅದಕ್ಕೆ ವಿರುದ್ಧವಾದ ಬಾಧಕ ಜ್ಞಾನ ಬರಬೇಕು. ಎರಡು, ಆ ಜ್ಞಾನವನ್ನು ಹುಟ್ಟಿಸಿದ ಸಾಧನದಲ್ಲಿಯೇ ದೋಷವಿತ್ತೆಂಬ ಅರಿವು, ಎಂದರೆ ಕಾರಣದೋಷ ಜ್ಞಾನ, ಬರಬೇಕು. ಕಾಮಾಲೆ ರೋಗಿಗೆ ಶಂಖ ಹಳದಿಯಾಗಿ ಕಂಡದ್ದು ಸುಳ್ಳೆಂದು ತಿಳಿಯುವುದು ಶಂಖವನ್ನು ಮತ್ತೆ ಮತ್ತೆ ನೋಡುವುದರಿಂದಲ್ಲ, ಕಣ್ಣಿಗೆ ರೋಗ ತಗುಲಿದೆಯೆಂದು ತಿಳಿಯುವುದರಿಂದ ಎಂಬುದು ಶಾಸ್ತ್ರದ ಹಳೆಯ ಉದಾಹರಣೆ.

ನಮ್ಮ ಕಂದಾಯ ಕಾನೂನು, ಅರಿತೋ ಅರಿಯದೆಯೋ, ಮೀಮಾಂಸಕರ ಪಕ್ಷವನ್ನು ಹಿಡಿದಿದೆ. 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 133ನೆಯ ಪ್ರಕರಣವು ಹಕ್ಕುದಾಖಲೆಯ ನಮೂದನ್ನು, ತಪ್ಪೆಂದು ರುಜುವಾತಾಗುವವರೆಗೆ ಅಥವಾ ಕಾನೂನುಬದ್ಧವಾಗಿ ಹೊಸ ನಮೂದು ಬರುವವರೆಗೆ, ಸತ್ಯವೆಂದೇ ಭಾವಿಸಬೇಕೆನ್ನುತ್ತದೆ. ಆಡಳಿತ ನಡೆಯಬೇಕಾದರೆ ಇದು ಅನಿವಾರ್ಯ. ಪ್ರತಿ ಪಹಣಿಯನ್ನೂ ಪ್ರತಿ ದಿನ ಸಾಬೀತುಪಡಿಸುತ್ತ ಕುಳಿತರೆ ಸಾಲವೂ ಸಿಗದು, ಕ್ರಯವೂ ಆಗದು. ಡಿಜಿಟಲ್ ನಕ್ಷೆಗೆ ಈ ಪ್ರಕರಣದ ಬಲ ನೇರವಾಗಿ ಇಲ್ಲದಿದ್ದರೂ ವ್ಯವಹಾರದಲ್ಲಿ ಅದು ಅಂಥದೇ ಗೌರವವನ್ನು ಪಡೆಯುತ್ತಿದೆ: ರಾಜ್ಯದ ದಿಶಾಂಕ್ ಆ್ಯಪ್ ತೆರೆದು, ನಿಂತ ಜಾಗದ ಸರ್ವೆ ನಂಬರನ್ನು ಮೊಬೈಲಿನಲ್ಲಿ ನೋಡಿದವನು, ಅದು ಮಾರ್ಗದರ್ಶನಕ್ಕೆ ಮಾತ್ರವೆಂಬುದನ್ನು ಮರೆತು, ತೆರೆಯ ಮೇಲಿನ ಗೆರೆಯನ್ನೇ ಬದುವೆಂದು ಭಾವಿಸುತ್ತಾನೆ. ಹುಟ್ಟಿದ ಜ್ಞಾನ ತಾನಾಗಿಯೇ ಪ್ರಮಾಣವೆನಿಸಿಕೊಳ್ಳುವ ಇಂಥ ವ್ಯವಸ್ಥೆಯಲ್ಲಿ ರೈತನಿಗೆ ಉಳಿಯುವ ರಕ್ಷಣೆ ಆ ಎರಡು ದಾರಿಗಳು ಮಾತ್ರ. ಬಾಧಕ ಜ್ಞಾನವನ್ನು ಅವನು ಮರುಅಳತೆಯಿಂದ ತರಬಲ್ಲ. ಸಾಧನದ ದೋಷವನ್ನು ತೋರಿಸಬೇಕಾದರೆ ಸಾಧನದ ಒಳಗನ್ನು ನೋಡಲು ಸಾಧ್ಯವಿರಬೇಕು. ಮುಚ್ಚಿದ ತಂತ್ರಾಂಶವು, ಹಣಕ್ಕೆ ಸಿಕ್ಕಿದ್ದಿರಲಿ ಪುಕ್ಕಟೆ ಸಿಕ್ಕಿದ್ದಿರಲಿ, ಈ ಎರಡನೆಯ ದಾರಿಯನ್ನು ಮುಚ್ಚುತ್ತದೆ. ತಾನಾಗಿ ಗೆರೆ ಹಿಡಿಯುವ ತಂತ್ರಾಂಶವು ಮಾಸಿದ ಗೆರೆಯ ತುಂಡುಗಳನ್ನು ಎಷ್ಟು ದೂರದವರೆಗೆ ಕೂಡಿಸಿತು, ಮೂಲೆಯನ್ನು ಎಲ್ಲಿ ದುಂಡಾಗಿಸಿತು, ಹತ್ತಿರದ ಎರಡು ಬಿಂದುಗಳನ್ನು ಯಾವಾಗ ಒಂದೆಂದು ಪರಿಗಣಿಸಿತು ಎಂಬುದನ್ನು ವಾಣಿಜ್ಯ ತಂತ್ರಾಂಶದಲ್ಲಿ ಕೈಪಿಡಿ ಹೇಳಿದಷ್ಟು ಮಾತ್ರ ತಿಳಿಯಬಹುದು. ಗ್ರಾಸ್‌ನಲ್ಲಿ ದಪ್ಪ ಗೆರೆಯನ್ನು ತೆಳುವಾಗಿಸುವ ಭಾಗವನ್ನು, ಬೇಕಾದವರು, ಸಾಲು ಸಾಲಾಗಿ ಓದಬಹುದು.

ಕನ್ನಡ ನೆಲದಲ್ಲೇ ಬೆಳೆದ ದ್ವೈತ ದರ್ಶನ ಈ ವಿಷಯದಲ್ಲಿ ಇನ್ನೂ ಒಂದು ಹೆಜ್ಜೆ ಮುಂದಿದೆ. ಮಧ್ವಾಚಾರ್ಯರು ಪ್ರತ್ಯಕ್ಷ, ಅನುಮಾನ, ಆಗಮ ಎಂಬ ಮೂರನ್ನೂ ಲಕ್ಷಣೀಕರಿಸುವಾಗ ನಿರ್ದೋಷ ಎಂಬ ವಿಶೇಷಣವನ್ನು ಮೂರಕ್ಕೂ ಹಚ್ಚಿದರು. ಮಳಖೇಡದಲ್ಲಿ ಬೃಂದಾವನಸ್ಥರಾದ ಜಯತೀರ್ಥರು ಪ್ರಮಾಣಪದ್ಧತಿಯಲ್ಲಿ ಆ ದೋಷಗಳು ಯಾವುವು, ವಿಷಯದಲ್ಲಿರುವವು ಯಾವುವು, ಇಂದ್ರಿಯದಲ್ಲಿರುವವು ಯಾವುವು ಎಂದು ವಿಂಗಡಿಸಿದರು. ಅತಿ ದೂರ, ಅತಿ ಸಮೀಪ, ಅತಿ ಸೂಕ್ಷ್ಮ, ಮರೆ ಇವು ವಿಷಯದೋಷಗಳ ಸಾಲಿನಲ್ಲಿ ಬರುತ್ತವೆ. ನಕ್ಷೆಯ ಮಾತಿಗೆ ಈ ವಿಂಗಡಣೆ ಚೆನ್ನಾಗಿ ಒದಗುತ್ತದೆ. ನೆನೆದು ಹಿಗ್ಗಿದ, ಮಡಿಕೆ ಬಿದ್ದ, ಮಸಿ ಹರಡಿದ ಕಾಗದ ವಿಷಯದ ದೋಷ. ತಂತ್ರಾಂಶದ ಗಣಿತದಲ್ಲಿನ ತಪ್ಪು ಸಾಧನದ ದೋಷ. ಮೊದಲನೆಯದಕ್ಕೆ ಯಾವ ತಂತ್ರಾಂಶವೂ ಮದ್ದಲ್ಲ. ಹೊಸದಾಗಿ ದುಬಾರಿ ತಂತ್ರಾಂಶ ಬಂದಿದೆ, ಇನ್ನು ನಕ್ಷೆ ಸರಿಯಾಗುತ್ತದೆ ಎನ್ನುವ ಅಧಿಕಾರಿಯೂ, ಸ್ವತಂತ್ರ ತಂತ್ರಾಂಶ ಬಂದರೆ ನ್ಯಾಯ ಬಂದಂತೆ ಎನ್ನುವ ಉತ್ಸಾಹಿಯೂ ಈ ವಿಂಗಡಣೆಯನ್ನು ಮರೆತವರೇ.

ಇನ್ನು ಹಣವಿಲ್ಲದೆ ಸಿಗುವ ತಂತ್ರಾಂಶವನ್ನು ದಾನವೆನ್ನಬಹುದೇ ಎಂಬ ಪ್ರಶ್ನೆ. ಭಗವದ್ಗೀತೆಯ ಹದಿನೇಳನೆಯ ಅಧ್ಯಾಯವು ಪ್ರತ್ಯುಪಕಾರ ಮಾಡಲಾರದವನಿಗೆ ಕೊಡಬೇಕೆಂಬ ಒಂದೇ ಭಾವದಿಂದ ಕೊಟ್ಟದ್ದನ್ನು ಸಾತ್ತ್ವಿಕ ದಾನವೆಂದೂ ಮರಳಿ ಬರುವ ಫಲವನ್ನು ಲೆಕ್ಕ ಹಾಕಿ ಕೊಟ್ಟದ್ದನ್ನು ರಾಜಸ ದಾನವೆಂದೂ ವಿಂಗಡಿಸುತ್ತದೆ. ವಿದ್ಯಾರ್ಥಿಗೆ ಪುಕ್ಕಟೆ ಪರವಾನಗಿ, ಹೊಸಬನಿಗೆ ಮೂವತ್ತು ದಿನಗಳ ಪ್ರತಿ ಇವೆಲ್ಲ ರಾಜಸ ದಾನದ ನಿರ್ದುಷ್ಟ ಉದಾಹರಣೆಗಳು: ಕೈ ಪಳಗಿದ ಮೇಲೆ ಕೊಳ್ಳುವನೆಂಬ ಎಣಿಕೆ ಅಲ್ಲಿದೆ. ರಾಜಸವೆಂದ ಮಾತ್ರಕ್ಕೆ ಅದು ಪಾಪವಲ್ಲ, ವ್ಯಾಪಾರ. ವ್ಯಾಪಾರಕ್ಕೆ ದಾನವೆಂಬ ಹೆಸರು ಕೊಟ್ಟಾಗ ಮಾತ್ರ ತೊಡಕು. ಸ್ವತಂತ್ರ ತಂತ್ರಾಂಶವನ್ನು ಸಾತ್ತ್ವಿಕವೆನ್ನಲು ಹೊರಟವರೂ ಒಂದು ಅಂಶವನ್ನು ಗಮನಿಸಬೇಕು: ಗ್ನೂ ಪರವಾನಗಿಯಲ್ಲಿ ಷರತ್ತಿದೆ. ಪಡೆದವನು ಅದನ್ನು ತಿದ್ದಿ ಹಂಚುವುದಾದರೆ ಅದೇ ಸ್ವಾತಂತ್ರ್ಯಗಳೊಡನೆ ಹಂಚಬೇಕು. ಷರತ್ತುಳ್ಳ ದಾನ ದಾನವೇ ಎಂಬ ಆಕ್ಷೇಪಕ್ಕೆ ಕನ್ನಡದ ಶಾಸನಗಳು ಉತ್ತರ ಕೊಡುತ್ತವೆ. ದತ್ತಿಯ ಎಲ್ಲೆಗಳನ್ನು ಮರ, ಹುತ್ತ, ಬಂಡೆಗಳ ಗುರುತಿನಿಂದ ಹೇಳಿ, ಶೈವ ದತ್ತಿಗೆ ಲಿಂಗಮುದ್ರೆಯ ಕಲ್ಲನ್ನೂ ವೈಷ್ಣವ ದತ್ತಿಗೆ ವಾಮನಮುದ್ರೆಯ ಕಲ್ಲನ್ನೂ ನೆಟ್ಟು, ಇದನ್ನು ಅಳುಪಿದವನಿಗೆ ಶಾಪವನ್ನೂ ಬರೆಸುತ್ತಿದ್ದರು. ತಾನು ಕೊಡುವುದಕ್ಕಿಂತ ಇನ್ನೊಬ್ಬ ಕೊಟ್ಟದ್ದನ್ನು ಪಾಲಿಸುವುದೇ ಹೆಚ್ಚಿನದೆಂಬ ಮಾತು ಆ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ದಾನವು ದಾನವಾಗಿಯೇ ಉಳಿಯುವಂತೆ ಮಾಡುವ ಷರತ್ತು ದಾನಕ್ಕೆ ಕುಂದಲ್ಲ.

ಪಾಲನೆಯ ಮಾತು ಬಂದುದರಿಂದ ವೆಚ್ಚದ ಮಾತನ್ನೂ ಆಡಬೇಕು. ಹತ್ತನೆಯ ಶತಮಾನದ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳೆಂಬ ಖ್ಯಾತಿ ಜೈನರ ಶಾಸ್ತ್ರದಾನಕ್ಕೆ ಕನ್ನಡನಾಡು ಕೊಟ್ಟ ದೊಡ್ಡ ನಿದರ್ಶನ; ಪಡೆದವರಿಗೆ ಅದು ಪುಕ್ಕಟೆ, ಆದರೆ ತಾಳೆಗರಿಗೂ ಲಿಪಿಕಾರರಿಗೂ ಯಾರೋ ಕೊಟ್ಟಿದ್ದಾರೆ. ಕ್ಯೂಜಿಐಎಸ್‌ನ ಹಿಂದೆಯೂ ಸ್ವಿಟ್ಜರ್ಲೆಂಡಿನಲ್ಲಿ ನೋಂದಾಯಿತವಾದ ಸಂಘವೊಂದಿದೆ, ವರ್ಷ ವರ್ಷ ಹಣ ಕೊಡುವ ಪೋಷಕರಿದ್ದಾರೆ. 2015ರಲ್ಲಿ ಭಾರತ ಸರ್ಕಾರ ತನ್ನ ಇಲಾಖೆಗಳು ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡಬೇಕೆಂಬ ನೀತಿಯನ್ನು ಪ್ರಕಟಿಸಿತು. ಆದ್ಯತೆ ಕೊಡುವವರು ಪಾಲನೆಗೂ ಏನಾದರೂ ಕೊಡಬೇಕೆಂಬುದು ಆ ಆದ್ಯತೆಯೊಳಗೆ ಅಡಗಿದ ಋಣ. ತೆಗೆದುಕೊಂಡು ಸುಮ್ಮನಿರುವ ಇಲಾಖೆಯ ಉಳಿತಾಯವನ್ನು ಧರ್ಮವೆನ್ನಲಾಗದು.

ವಾಣಿಜ್ಯ ಪಕ್ಷದ ವಾದವೂ ಹಗುರವಲ್ಲ. ಶರಣರ ಕಾಯಕ ತತ್ತ್ವವು ದುಡಿಮೆಯ ಪ್ರತಿಫಲವನ್ನು ಹೀನವೆನ್ನಲಿಲ್ಲ; ಹೆಚ್ಚು ಅಕ್ಕಿ ತಂದ ಗಂಡನನ್ನು ಹಿಂದಕ್ಕೆ ಕಳುಹಿಸಿದ ಆಯ್ದಕ್ಕಿ ಲಕ್ಕಮ್ಮ ಆಕ್ಷೇಪಿಸಿದ್ದು ಅಗತ್ಯ ಮೀರಿದ ಸಂಗ್ರಹವನ್ನು. ತಂತ್ರಾಂಶ ಬರೆದವರು ಬೆಲೆ ಕೇಳುವುದರಲ್ಲಿ ದೋಷವಿಲ್ಲ. ತರಬೇತಿ, ಕೈಪಿಡಿ, ದೂರವಾಣಿಯ ಸಹಾಯ ಇವುಗಳಲ್ಲಿ ಅವರ ಕೆಲಸ ಅನೇಕ ವೇಳೆ ಅಚ್ಚುಕಟ್ಟು. ಆದರೆ ತಪ್ಪಾದರೆ ಹೊಣೆ ಹೊರುವವರಿದ್ದಾರೆ ಎಂಬ ಅವರ ಮುಖ್ಯ ವಾದ ಪರವಾನಗಿಯನ್ನು ಓದಿದಾಗ ಸೊರಗುತ್ತದೆ: ಗ್ನೂ ಪರವಾನಗಿ ಯಾವ ಖಾತರಿಯನ್ನೂ ಕೊಡುವುದಿಲ್ಲವೆಂದು ಬಾಯಿಬಿಟ್ಟು ಹೇಳಿದರೆ, ವಾಣಿಜ್ಯ ಪರವಾನಗಿಗಳೂ ಹೊಣೆಯನ್ನು ಸಾಮಾನ್ಯವಾಗಿ ಕೊಟ್ಟ ಬೆಲೆಯ ಆಸುಪಾಸಿಗೆ ಮಿತಿಗೊಳಿಸುತ್ತವೆ. ಕುಂದಾಣದ ಹೊಲವೊಂದು ತಪ್ಪು ಗೆರೆಯಿಂದ ಕೈತಪ್ಪಿದರೆ ನಷ್ಟ ಕಟ್ಟಿಕೊಡಲು ರೆಡ್‌ಲ್ಯಾಂಡ್ಸ್‌ನಿಂದ ಯಾರೂ ಬರುವುದಿಲ್ಲ. ಕಾಲದ ಪ್ರಶ್ನೆಯೂ ಇದೆ. ಒಂದು ತಲೆಮಾರಿನ ಸರ್ಕಾರಿ ನಕ್ಷೆಕಾರರು ಕೈ ಪಳಗಿಸಿಕೊಂಡ, ಆರ್ಕ್‌ಜಿಐಎಸ್‌ನ ಹಳೆಯ ರೂಪವಾದ ಆರ್ಕ್‌ಮ್ಯಾಪ್‌ಗೆ 2026ರ ಮಾರ್ಚ್ 1ನ್ನು ಎಸ್ರಿ ಕೊನೆಯ ದಿನವೆಂದು ಗೊತ್ತುಮಾಡಿತು. 1863ರ ಸರಪಳಿಯ ಅಳತೆಯನ್ನು ಇಂದಿಗೂ ತೆರೆದು ನೋಡುವ ಇಲಾಖೆಗೆ ಆರ್ಕ್‌ಮ್ಯಾಪ್ ಬಾಳಿದ ಇಪ್ಪತ್ತೈದು ಚಿಲ್ಲರೆ ವರ್ಷವೆಂಬುದು ಬಹಳ ಸಣ್ಣ ಅವಧಿ.

ಕನ್ನಡದ ಅಕ್ಷರಗಳೂ ಈ ಹೋಲಿಕೆಯಲ್ಲಿ ಒಂದು ಪಕ್ಷಕಾರ. ಎಸ್ರಿ ರೂಪಿಸಿದ ಶೇಪ್‌ಫೈಲ್ ಎಂಬ ಕಡತರೂಪ ಇಂದಿಗೂ ನಕ್ಷೆಗಳ ವಿನಿಮಯದ ರೂಢಿಯ ಮಾಧ್ಯಮ. ಅದರಲ್ಲಿ ಕಾಲಮ್ಮಿನ ಹೆಸರಿಗೆ 10 ಬೈಟು ಮಾತ್ರ ಜಾಗ. ಯೂನಿಕೋಡಿನ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟು ಬೇಕು, ಕುಂದಾಣ ಎಂಬ ಹೆಸರಿಗೇ 18. ನುಡಿ, ಬರಹಗಳ ಹಳೆಯ ಫಾಂಟುಗಳಲ್ಲಿ ತುಂಬಿದ ರೈತರ ಹೆಸರುಗಳು ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗುವುದು ಕಚೇರಿಗಳಿಗೆ ಹೊಸತಲ್ಲ. 2014ರಲ್ಲಿ ಮುಕ್ತ ಮಾನಕವಾಗಿ ಬಂದ ಜಿಯೋಪ್ಯಾಕೇಜ್‌ಗೆ ಈ ಇಕ್ಕಟ್ಟಿಲ್ಲ, ಮತ್ತು ಅದನ್ನು ಈಗ ಎರಡೂ ಪಕ್ಷಗಳ ತಂತ್ರಾಂಶಗಳು ಓದುತ್ತವೆ. ತಂತ್ರಾಂಶದ ಆಯ್ಕೆಗಿಂತ ಕಡತರೂಪದ ಆಯ್ಕೆಯೇ ಕೆಲವೊಮ್ಮೆ ದೊಡ್ಡದು.

ಉಳಿದ ಆಕ್ಷೇಪ ಎಲ್ಲಕ್ಕಿಂತ ಗಟ್ಟಿಯಾದದ್ದು: ಸೋರ್ಸ್ ಕೋಡ್ ತೆರೆದಿಟ್ಟರೂ ಕುಂದಾಣದ ರಾಗಿ ಬೆಳೆಗಾರನಿಗೆ ಅದರಿಂದ ಏನು ಪ್ರಯೋಜನ? ಅವನಿಗೆ ಅದು ಮುಚ್ಚಿದ ಪೆಟ್ಟಿಗೆಯಷ್ಟೇ ಅಗಮ್ಯ. ಕಲ್ಯಾಣದಲ್ಲಿ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯಾನದ ಸೀಮಾವಿವಾದ ಪ್ರಕರಣ ಇಲ್ಲಿ ನೆರವಿಗೆ ಬರುತ್ತದೆ. ಗಡಿಯ ವಿವಾದದಲ್ಲಿ ನೆರೆಹೊರೆಯವರು, ಮುದುಕರು, ದನಗಾಹಿಗಳು, ಗಡಿಯಲ್ಲಿ ಉಳುವವರು, ಕಾಡಿನಲ್ಲಿ ತಿರುಗುವವರು ಮುಂದೆ ನಿಂತು ಇದ್ದಿಲು, ಹೊಟ್ಟು, ಮರ, ಹುತ್ತ, ತಗ್ಗು, ಮೂಳೆ ಇಂಥ ಗುರುತುಗಳಿಂದ ಎಲ್ಲೆಯನ್ನು ತೋರಿಸಬೇಕು. ಗುರುತುಗಳಿಲ್ಲದಿದ್ದರೆ ಸುತ್ತಲ ಊರುಗಳ ನಾಲ್ವರೋ ಎಂಟು ಮಂದಿಯೋ ಹತ್ತು ಮಂದಿಯೋ ಕೆಂಪು ಹೂಮಾಲೆ, ಕೆಂಪು ಬಟ್ಟೆ ಧರಿಸಿ, ತಲೆಯ ಮೇಲೆ ಮಣ್ಣು ಹೊತ್ತು ಗಡಿಯನ್ನು ನಡೆದು ತೋರಿಸಬೇಕು. ಸುಳ್ಳಾಡಿದರೆ ಒಬ್ಬೊಬ್ಬನಿಗೂ ಬೇರೆ ಬೇರೆ ದಂಡ. ಬಲ್ಲವರೂ ಗುರುತುಗಳೂ ಎರಡೂ ಇಲ್ಲದಾಗ ಮಾತ್ರ ರಾಜ ತಾನೇ ಗಡಿಯನ್ನು ನಿಶ್ಚಯಿಸುತ್ತಾನೆ. ಈ ಕ್ರಮದಲ್ಲಿ ವಾದಿ ತಾನೇ ಎಲ್ಲವನ್ನೂ ಬಲ್ಲವನಾಗಬೇಕಿಲ್ಲ. ತನ್ನ ಪರವಾಗಿ ಪರೀಕ್ಷಿಸಬಲ್ಲ ನೆರೆಯವರು ಇದ್ದರೆ ಸಾಕು, ಮತ್ತು ಅವರು ಪರೀಕ್ಷಿಸುವುದು ಊರಿನ ಕಣ್ಣೆದುರಿಗೆ ನಡೆದರೆ ಸಾಕು. ತೆರೆದ ತಂತ್ರಾಂಶ ಸಾಧ್ಯವಾಗಿಸುವುದು ಅಂಥ ನೆರೆಯವರನ್ನು: ಪರವಾನಗಿ ಪಡೆದ ಭೂಮಾಪಕ, ಎಂಜಿನಿಯರಿಂಗ್ ಓದುತ್ತಿರುವ ಊರಿನ ಹುಡುಗಿ, ಎದುರು ಪಕ್ಷದ ವಕೀಲ ಕರೆತಂದ ತಜ್ಞ, ಯಾರಾದರೂ ಅದೇ ನಕ್ಷೆಯನ್ನು ಅದೇ ಬಿಂದುಗಳಿಂದ ಅದೇ ತಂತ್ರಾಂಶದಲ್ಲಿ, ಪರವಾನಗಿಯ ಹಣ ಕಟ್ಟದೆ, ಮತ್ತೆ ಹೊಂದಿಸಿ ನೋಡಬಹುದು. ಮುಚ್ಚಿದ ತಂತ್ರಾಂಶ ಮತ್ತು ಮುಚ್ಚಿದ ದತ್ತಾಂಶ ಎರಡೂ ಸೇರಿದಲ್ಲಿ ಕೊನೆಯ ವಿಧಿಯೊಂದೇ ಉಳಿಯುತ್ತದೆ, ರಾಜ ಹೇಳಿದ್ದೇ ಗಡಿ. ನಕ್ಷೆ ತಯಾರಿಕೆಯ ಮೇಲಿದ್ದ ಅನುಮತಿಗಳ ಕಟ್ಟುಪಾಡನ್ನು ಕೇಂದ್ರ ಸರ್ಕಾರ 2021ರ ಫೆಬ್ರವರಿಯಲ್ಲಿ ಬಹುಮಟ್ಟಿಗೆ ಸಡಿಲಿಸಿದ್ದರಿಂದ ದತ್ತಾಂಶದ ಕಡೆಯ ಬಾಗಿಲು ಸ್ವಲ್ಪ ತೆರೆದಿದೆ.

ಆದರೆ ಬಿಂದುಗಳ ಪಟ್ಟಿಯೇ ಸಿಗದಿದ್ದರೆ ಇದಾವುದೂ ನಡೆಯದು. ಹೊಂದಾಣಿಕೆಗೆ ಯಾವ ಮುಕ್ಕೂಟಗಳನ್ನು ಆರಿಸಲಾಯಿತು, ಅಫೈನ್ ಬಳಸಿದರೋ ಸ್ಪ್ಲೈನ್ ಬಳಸಿದರೋ, ಪ್ರತಿ ಬಿಂದುವಿನಲ್ಲಿ ಎಷ್ಟು ಮೀಟರು ತಪ್ಪು ಉಳಿಯಿತು ಎಂಬ ಮೂರು ಸಂಗತಿಗಳು ನಕ್ಷೆಯ ಅಂಚಿನಲ್ಲಿ ಅಚ್ಚಾಗಿದ್ದರೆ, ಆ ನಕ್ಷೆಯನ್ನು ಆರ್ಕ್‌ಜಿಐಎಸ್‌ನಲ್ಲಿ ಮಾಡಿದ್ದರೂ ಅರ್ಧಭಾಗ ತೆರೆದಂತೆ. ಅವು ಇಲ್ಲದಿದ್ದರೆ ಕ್ಯೂಜಿಐಎಸ್‌ನಲ್ಲಿ ಮಾಡಿದ ನಕ್ಷೆಯೂ ಮುಚ್ಚಿದ್ದೇ. ಕ್ಯೂಜಿಐಎಸ್‌ನ ಹೊಂದಾಣಿಕೆಯ ಸಾಧನವು ಕೇಳಿದರೆ ಈ ವಿವರಗಳನ್ನು ಪಿಡಿಎಫ್ ವರದಿಯಾಗಿ ಬರೆದುಕೊಡುತ್ತದೆ. ಆರ್ಕ್‌ಜಿಐಎಸ್‌ನಲ್ಲಿ ಬಿಂದುಗಳ ಪಟ್ಟಿಯನ್ನು ಪ್ರತ್ಯೇಕ ಕಡತವಾಗಿ ಉಳಿಸಿಡಬಹುದು. ಎರಡರಲ್ಲೂ ಅದನ್ನು ಕೇಳಬೇಕಾದವರು ಕಂಪ್ಯೂಟರಿನ ಮುಂದೆ ಕುಳಿತ ನಕ್ಷೆಕಾರರು, ಅವರಿಂದ ಕೇಳಿಸಬೇಕಾದವರು ಕಡತಕ್ಕೆ ಸಹಿ ಹಾಕುವವರು.